ಒಂದೇ ಆವಿಗೆಯ ಮಡಕೆಗಳು

ಮೊದಲ ದಿನವೇ ನನ್ನ ಮಣ್ಣು ತಿಗರಿಯಿಂದ ಹಾರಿ ಪಕ್ಕದಲ್ಲಿ ಕೂತಿದ್ದವರ ಮಡಿಲಿಗೆ ಬಿತ್ತು. ಅವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟು ಬಂದಿದ್ದರು. ಒಮ್ಮೆ ಮಡಿಲನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಆ ಮುದ್ದೆಯನ್ನು ಎತ್ತಿ ನನ್ನ ಕೈಗಿಟ್ಟು, ‘ಪರವಾಗಿಲ್ಲ ಬಿಡಿ, ಹೋದ ವಾರ ನಂದು ಮೇಷ್ಟ್ರ ಕನ್ನಡಕಕ್ಕೇ ಹೋಗಿತ್ತು’ ಅಂದರು.

ಬೆಂಗಳೂರಿನ ಹಳೆಯ ಮನೆಯೊಂದರ ಕಾರ್ ಶೆಡ್ಡಿನಲ್ಲಿ ಶನಿವಾರ ಬೆಳಗ್ಗೆ ನಡೆಯುವ ಕುಂಬಾರಿಕೆ ತರಗತಿ ಅದು. ಎಂಟು ತಿಗರಿ, ಎಂಟು ಜನ. ಒಬ್ಬರು ಹಲ್ಲಿನ ಡಾಕ್ಟರು, ಇಬ್ಬರು ಸಾಫ್ಟ್‌ವೇರಿನವರು, ಒಬ್ಬಳು ಕಾಲೇಜು ಹುಡುಗಿ, ಅಮ್ಮನನ್ನು ಕಳೆದುಕೊಂಡ ಮೇಲೆ ಮನೆಯಲ್ಲಿ ಕೂರಲಾಗದೆ ಬಂದವರೊಬ್ಬರು. ಬೀದಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ಮಾತನಾಡಿಸುವ ಕಾರಣವೇ ಇಲ್ಲದ ಜನ. ಆರು ತಿಂಗಳಾಗುವ ಹೊತ್ತಿಗೆ ಒಬ್ಬರ ಮನೆಯ ಉಪ್ಪಿನಕಾಯಿ ಇನ್ನೊಬ್ಬರ ಮನೆಯಲ್ಲಿತ್ತು.

ಇದು ಹೇಗಾಯಿತು ಎಂದು ಆಮೇಲೆ ಯೋಚಿಸಿದ್ದೇನೆ. ಒಂದು ಕಾರಣ ತೀರಾ ಸರಳ: ಮೊಣಕೈವರೆಗೆ ಕೆಸರು ಮೆತ್ತಿಕೊಂಡವರು ಫೋನ್ ಮುಟ್ಟುವಂತಿಲ್ಲ. ಎರಡು ಗಂಟೆ ಕಾಲ ಕೈ ಕಟ್ಟಿಹಾಕಿ ಬಾಯನ್ನು ಮಾತ್ರ ಬಿಟ್ಟರೆ ಮನುಷ್ಯರು ಮಾತನಾಡುತ್ತಾರೆ. ಎರಡನೆಯ ಕಾರಣ ಮಣ್ಣಿನ ಸ್ವಭಾವದಲ್ಲೇ ಇದೆ. ಕುಂಬಾರಿಕೆಯನ್ನು ಒಬ್ಬರೇ ಕೂತು ಮಾಡಬಹುದು, ಆದರೆ ಒಬ್ಬರೇ ಮುಗಿಸುವುದು ಕಷ್ಟ.

ಮೇಷ್ಟ್ರು ಕಲಿಸುವ ಮೊದಲ ಪಾಠ ಮಣ್ಣು ನಾದುವುದು. ಚಪಾತಿ ಹಿಟ್ಟು ನಾದಿ ಗೊತ್ತಿದ್ದವರಿಗೆ ಬೇಗ ಬರುತ್ತದೆ. ನಮ್ಮ ತರಗತಿಯ ಗಂಡಸರಿಗೆ ಇಲ್ಲೇ ಮೊದಲ ಮುಖಭಂಗ. ಜೇಡಿಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ, ತೆಳ್ಳನೆಯ ಬಿಲ್ಲೆಗಳು. ಅವುಗಳ ನಡುವೆ ನೀರಿನ ಪೊರೆ ಇರುವುದರಿಂದ ಒಂದರ ಮೇಲೊಂದು ಜಾರುತ್ತವೆ, ಒತ್ತಿದ ಆಕಾರದಲ್ಲಿ ನಿಲ್ಲುತ್ತವೆ. ಮರಳಿಗೆ ಈ ಗುಣವಿಲ್ಲ. ನಾದಿದಷ್ಟೂ ನೀರು ಎಲ್ಲ ಕಡೆ ಸಮನಾಗಿ ಸೇರುತ್ತದೆ, ಗಾಳಿಗುಳ್ಳೆ ಹೋಗುತ್ತವೆ. ಕಲಸಿ ತಿಂಗಳುಗಟ್ಟಲೆ ಮುಚ್ಚಿಟ್ಟ ಮಣ್ಣು ಹೊಸದಕ್ಕಿಂತ ಚೆನ್ನಾಗಿ ಬಾಗುತ್ತದೆ.

ಎರಡನೆಯ ಪಾಠ ಮಣ್ಣನ್ನು ನಡುವಿಗೆ ತರುವುದು. ತಿಗರಿಯ ಮೇಲೆ ಮುದ್ದೆಯನ್ನು ಬಡಿದು ಕೂರಿಸಿ, ಕೈ ಒದ್ದೆ ಮಾಡಿಕೊಂಡು, ಎಡಮೊಣಕೈಯನ್ನು ತೊಡೆಗೆ ಒತ್ತಿ ಹಿಡಿಯಬೇಕು. ಎಡ ಅಂಗೈಯ ಬುಡ ಪಕ್ಕದಿಂದ ನೂಕುತ್ತದೆ, ಬಲಗೈ ಮೇಲಿನಿಂದ ಅದುಮುತ್ತದೆ. ಮುದ್ದೆಯನ್ನು ಗೋಪುರದಂತೆ ಮೇಲೆತ್ತಿ ಮತ್ತೆ ಕೆಳಗಿಳಿಸಬೇಕು. ಕೈಗೆ ತಾಗುವ ಅಂಕುಡೊಂಕು ನಿಧಾನಕ್ಕೆ ಕಡಿಮೆಯಾಗುತ್ತಾ ಬಂದು, ಒಂದು ಗಳಿಗೆಯಲ್ಲಿ ಸುತ್ತುತ್ತಿರುವ ಮಣ್ಣು ನಿಂತುಬಿಟ್ಟಂತೆ ಕಾಣುತ್ತದೆ. ಆಗ ಅದು ನಡುವಿಗೆ ಬಂದಿದೆ. ನನಗೆ ಈ ಗಳಿಗೆ ಸಿಕ್ಕಿದ್ದು ಐದನೆಯ ವಾರ. ಬಲ ಸಾಲದೆಂದು ನಾನು ತಿಳಿದಿದ್ದೆ. ತಪ್ಪು ಇದ್ದದ್ದು ಕೈಯನ್ನು ಅಲ್ಲಾಡಿಸುವುದರಲ್ಲಿ. ಮಣ್ಣಿನ ಜೊತೆ ಕೈ ಓಡಬಾರದು, ಕೈ ನಿಂತರೆ ಮಣ್ಣು ತಾನೇ ದಾರಿಗೆ ಬರುತ್ತದೆ. ಅದನ್ನು ನನಗೆ ಹೇಳಿದ್ದು ಮೇಷ್ಟ್ರಲ್ಲ, ಮಡಿಲಿಗೆ ಮಣ್ಣು ಬಿದ್ದ ಆ ಬ್ಯಾಂಕಿನವರು.

ತಿಗರಿಯಿಂದ ಕತ್ತರಿಸಿ ತೆಗೆದ ಪಾತ್ರೆ ವಾರಗಟ್ಟಲೆ ಆರಬೇಕು. ಆಮೇಲೆ ಮೊದಲ ಸುಡುವಿಕೆ, ಮೇಲೆ ಹೊಳಪಿನ ಲೇಪ, ಮತ್ತೆ ಎರಡನೆಯ ಸುಡುವಿಕೆ. ಅಷ್ಟರಲ್ಲಿ ಪಾತ್ರೆ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗಿರುತ್ತದೆ. ನಾನು ಕಾಫಿ ಲೋಟವೆಂದು ಹೆಮ್ಮೆಯಿಂದ ಮಾಡಿದ್ದು ಕೊನೆಗೆ ಮಗುವಿಗೆ ಹರಳೆಣ್ಣೆ ಕುಡಿಸುವ ಅಳತೆಗೆ ಬಂದು ನಿಂತಿತು.

ಜೊತೆಗಾರಿಕೆಯ ಗುಟ್ಟು ಇರುವುದು ಈ ಸುಡುವಿಕೆಯಲ್ಲಿ. ಖಾಲಿ ಆವಿಗೆಯನ್ನು ಯಾರೂ ಹೊತ್ತಿಸುವುದಿಲ್ಲ, ಕರೆಂಟಿನದಾದರೂ ಅಷ್ಟೆ. ತುಂಬುವವರೆಗೆ ಕಾಯಬೇಕು, ತುಂಬಬೇಕೆಂದರೆ ಎಂಟು ಜನರೂ ಮಾಡಿರಬೇಕು. ಒಳಗೆ ಹೋದ ಮೇಲೆ ಯಾರದ್ದೂ ಬೇರೆ ಅಲ್ಲ. ಒಮ್ಮೆ ನಾನು ದಪ್ಪ ತಳದ ಹೂದಾನಿಯೊಂದನ್ನು ಮಾಡಿ, ಹೊರಗೆ ಒಣಗಿದಂತೆ ಕಂಡಿತೆಂದು ಅವಸರದಲ್ಲಿ ಇಟ್ಟುಬಿಟ್ಟೆ. ಒಳಗೆ ಉಳಿದಿದ್ದ ತೇವ ಹಬೆಯಾಗಿ ಹೊರಡಲು ದಾರಿ ಸಿಗದೆ ಹೂದಾನಿ ಸಿಡಿಯಿತು. ಗಾಳಿಗುಳ್ಳೆಯಿಂದ ಮಡಕೆ ಸಿಡಿಯುತ್ತದೆಂದು ಬಹಳ ಜನ ನಂಬುತ್ತಾರೆ. ಸಿಡಿಸುವುದು ಸಾಮಾನ್ಯವಾಗಿ ನೀರೇ. ಮರುದಿನ ಆವಿಗೆ ತೆರೆದಾಗ ನನ್ನದರ ಚೂರು ಬಡಿದು ಕಾಲೇಜು ಹುಡುಗಿಯ ಎರಡು ಬಟ್ಟಲು ಸೀಳಿದ್ದವು. ಅವಳು ಬೈಯಲಿಲ್ಲ. ಆ ಸಂಜೆ ನಾನು ಮನೆಗೆ ಹೋಗಿ ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ವಾರದಿಂದ ಆವಿಗೆಗೆ ಇಡುವ ಮೊದಲು ಪ್ರತಿ ಪಾತ್ರೆಯನ್ನೂ ಕೆನ್ನೆಗೆ ತಾಗಿಸಿ ನೋಡುತ್ತೇನೆ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವೆ. ಗಾದೆ ಕಟ್ಟಿದವರು ಕುಂಬಾರರಿರಲಿಕ್ಕಿಲ್ಲ. ಕುಂಬಾರರನ್ನು ಕೇಳಿದರೆ ದೊಣ್ಣೆಗಿಂತ ಹೆಚ್ಚು ಹೆದರಿಸುವುದು ಆವಿಗೆ. ಬಯಲಲ್ಲಿ ಹಾಕುವ ಆವಿಗೆಯಲ್ಲಿ ಕುಳ್ಳು, ಸೌದೆ, ತೆಂಗಿನ ಮಟ್ಟೆಗಳ ನಡುವೆ ಮಡಕೆ ಪೇರಿಸಿ, ಮೇಲೆ ಹುಲ್ಲು ಹೊದಿಸಿ, ಅದರ ಮೇಲೆ ಕೆಸರು ಮೆತ್ತುತ್ತಾರೆ. ಥರ್ಮಾಮೀಟರು ಇಲ್ಲ, ಹೊಗೆಯ ಬಣ್ಣವೇ ಅಳತೆ. ಮೊದಲು ಬರುವ ಬಿಳಿ ಹೊಗೆಯಲ್ಲಿ ತೇವ ಹೋಗುತ್ತದೆ, ಆಗ ಉರಿ ಜೋರಾದರೆ ಕೆಲಸ ಕೆಟ್ಟಿತು. 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಮಣ್ಣಿನೊಳಗಿನ ಬೆಣಚು ತಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಮಟ್ಟದಲ್ಲಿ ಕುಗ್ಗುತ್ತದೆ. ಬಿಸಿ ಆವಿಗೆಯನ್ನು ಆತುರದಲ್ಲಿ ತೆರೆದರೆ ಬಿರುಕು ಬೀಳುವುದಕ್ಕೆ ಇದೊಂದು ಕಾರಣ. ಕುಂಬಾರರಿಗೆ ಈ ಅಂಕಿ ಬೇಕಾಗಿಲ್ಲ. ಬೂದಿಗೆ ಕೈಯೊಡ್ಡಿ ‘ಇನ್ನೂ ಮುಟ್ಬ್ಯಾಡ’ ಅನ್ನುತ್ತಾರೆ. ಹೀಗೆ ಮಣ್ಣು ತರುವುದು, ತುಳಿಯುವುದು, ಆವಿಗೆ ಪೇರುವುದು, ರಾತ್ರಿ ಕಾಯುವುದು ಎಲ್ಲದಕ್ಕೂ ಒಂದು ಮನೆಯ ಕೈ ಸಾಲದು. ಕುಂಬಾರಗೇರಿ ಅನ್ನುವುದು ಬರೀ ವಿಳಾಸವಾಗಿರಲಿಲ್ಲ.

ಈ ನೆಲದಲ್ಲಿ ಆ ಕೆಲಸ ಎಷ್ಟು ಹಳೆಯದು ನೋಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕಿದ್ದು ಒಳಗೂ ಬಾಯಂಚಿನಲ್ಲೂ ಕಪ್ಪು, ಹೊರಮೈ ಕೆಂಪು ಇರುವ ಪಾತ್ರೆಗಳು. ಸುಡುವಾಗ ಮಡಕೆಯ ಒಂದು ಭಾಗಕ್ಕೆ ಗಾಳಿ ತಾಗಿ ಇನ್ನೊಂದಕ್ಕೆ ತಾಗದಂತೆ ಇಟ್ಟರೆ ಈ ಎರಡು ಬಣ್ಣ ಬರುತ್ತವೆ. ಬೋರಲು ಹಾಕಿ ಸುಟ್ಟಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಸತ್ತವರ ಜೊತೆಗೆ ಕಳಿಸಲು ಬಂಗಾರಕ್ಕಿಂತ ಮೊದಲು ನೆನಪಾದದ್ದು ಮಡಕೆ.

ಬದುಕಿದ್ದವರ ಹಬ್ಬಗಳೂ ಕುಂಬಾರನ ಮನೆಯಿಂದಲೇ ಹೊರಡುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಮಳೆಗಾಲ ಶುರುವಾದರೆ ಸಾಲಾಗಿ ಮಣ್ಣಿನ ದೇವರುಗಳು ಬರುತ್ತವೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಕೊನೆಗೆ ಜೋಕುಮಾರ. ಮದುವೆಯಲ್ಲಿ ಐರಾಣಿ ಗಡಿಗೆ ತರಲು ವಾದ್ಯ ಸಮೇತ ಕುಂಬಾರರ ಮನೆಗೆ ಹೋಗುವ ಸಂಪ್ರದಾಯ ಇನ್ನೂ ಪೂರ್ತಿ ಅಳಿದಿಲ್ಲ. ಬೆಂಗಳೂರು ಕರಗದಲ್ಲಿ ಹಸಿ ಕರಗ ಸುಡದ ಹಸಿ ಮಣ್ಣಿನದು, ಅದನ್ನು ಮತ್ತೆ ನೀರಿಗೇ ಬಿಡಬಹುದು. ಸುಟ್ಟ ಮಡಕೆ ಮಾತ್ರ ಮತ್ತೆ ಮಣ್ಣಾಗದು. ಭಾಲ್ಕಿಯ ಶರಣ ಕುಂಬಾರ ಗುಂಡಯ್ಯ ಮಡಕೆ ತಟ್ಟುತ್ತಾ ಕುಣಿದರೆ ಶಿವನೂ ಬಂದು ಜೊತೆಗೆ ಕುಣಿದನೆಂದು ಹರಿಹರ ಒಂದು ರಗಳೆಯನ್ನೇ ಬರೆದ. ಮಡಕೆ ತಟ್ಟಿ ಹೊರಡಿಸುವ ಆ ನಾದ ಕಛೇರಿಯಲ್ಲಿ ಘಟವಾಗಿ ಕೂತಿದೆ; ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಸುತ್ತಲೂ ಇಟ್ಟುಕೊಂಡು ನುಡಿಸುತ್ತಾರೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸುಂದರವಾದ ಸುಳ್ಳಾಗುತ್ತದೆ. ಕುಂಬಾರಗೇರಿಯ ಒಗ್ಗಟ್ಟು ಹುಟ್ಟಿನಿಂದ ಬಂದದ್ದು, ಯಾರೂ ಆರಿಸಿಕೊಂಡದ್ದಲ್ಲ. ಮದುವೆಯ ದಿನ ವಾದ್ಯ ಊದಿಸಿಕೊಂಡು ಬರುತ್ತಿದ್ದ ಊರೇ ಉಳಿದ ದಿನಗಳಲ್ಲಿ ಅವರನ್ನು ಎಲ್ಲಿ ಕೂರಿಸುತ್ತಿತ್ತೆಂಬುದು ಎಲ್ಲರಿಗೂ ಗೊತ್ತು. ನಮ್ಮ ಶನಿವಾರದ ತರಗತಿಯಲ್ಲಿ ಹಣ ಕೊಟ್ಟು ಮಣ್ಣು ಮುಟ್ಟುವ ಯಾರ ಮನೆಯಲ್ಲೂ ಹಿಂದೆ ಮಣ್ಣು ಹೊಟ್ಟೆಪಾಡಾಗಿರಲಿಲ್ಲ. ಹವ್ಯಾಸಕ್ಕೂ ಕಸುಬಿಗೂ ಇರುವ ಈ ಅಂತರ ಮುಚ್ಚಿಟ್ಟು ‘ಮಣ್ಣಿನ ನಂಟು’ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ರೇಗುತ್ತದೆ. ನಾನೂ ಮೊದಲ ಮೂರು ತಿಂಗಳು ಹಾಗೆ ಅನ್ನುತ್ತಿದ್ದೆ, ಆ ಮಾತು ಬೇರೆ.

ಊರಿನ ಕಸುಬು ಕುಸಿದ ಹೊತ್ತಿನಲ್ಲೇ ಪೇಟೆಯ ಹವ್ಯಾಸ ಎದ್ದಿತು. ಕುಸಿತ ಇಂದು ನಿನ್ನೆಯದಲ್ಲ. ಹಿಂದೆ ಕುಂಬಾರರು ನಾಡಹೆಂಚು ಮಾಡುತ್ತಿದ್ದರು: ತಿಗರಿಯ ಮೇಲೆ ಒಂದು ಕಡೆ ಕಿರಿದಾದ ಕೊಳವೆ ಎತ್ತಿ, ಹಸಿಯಿದ್ದಾಗ ಉದ್ದಕ್ಕೆ ಸೀಳಿದರೆ ಎರಡು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕೊಂಡಿ ಬೀಳುವ ಮಂಗಳೂರು ಹೆಂಚಿನ ಮುಂದೆ ನಾಡಹೆಂಚು ನಿಲ್ಲಲಿಲ್ಲ. ಆಮೇಲೆ ಅಲ್ಯೂಮಿನಿಯಂ ಬಂತು, ಸ್ಟೀಲು ಬಂತು, ಪ್ಲಾಸ್ಟಿಕ್ ಕೊಡ ಬಂತು, ಫ್ರಿಜ್ ಬಂತು. ಹರವಿ, ಬಾನಿ, ಗುಡಾಣ, ತತ್ರಾಣಿ ಎಂಬ ಹೆಸರುಗಳು ಒಂದೊಂದಾಗಿ ನಿಘಂಟಿಗೆ ಹೋಗಿ ಕೂತವು.

ಹೊಸ ಹವ್ಯಾಸದ ಬೇರು ಜಪಾನಿನಲ್ಲಿದೆ. 1920ರ ದಶಕದಲ್ಲಿ ಯಾನಗಿ ಸೊಯೆತ್ಸು ಮತ್ತವರ ಕುಂಬಾರ ಗೆಳೆಯರಾದ ಹಮಾದಾ ಶೋಜಿ, ಕವಾಯಿ ಕಂಜಿರೊ ಸೇರಿ, ಹೆಸರಿಲ್ಲದ ಹಳ್ಳಿಯ ಕೈಗಳು ದಿನಬಳಕೆಗೆ ಮಾಡಿದ ವಸ್ತುವಿನಲ್ಲೇ ಚೆಲುವಿದೆ ಎಂದು ವಾದಿಸಿದರು. ಅದಕ್ಕೆ ‘ಮಿಂಗೇ’ ಎಂದು ಹೆಸರಿಟ್ಟರು. ಇಂಗ್ಲೆಂಡಿನ ಬರ್ನಾರ್ಡ್ ಲೀಚ್ 1920ರಲ್ಲಿ ಹಮಾದಾ ಜೊತೆ ಸೇಂಟ್ ಐವ್ಸ್ ಎಂಬ ಕಡಲೂರಿನಲ್ಲಿ ಆವಿಗೆ ಕಟ್ಟಿದರು. ಅದೇ ಬಳಗದ ಒಡನಾಟ ಪಡೆದವರು ಗುರುಚರಣ್ ಸಿಂಗ್. 1919ರಲ್ಲಿ ಜಪಾನಿಗೆ ಹೋಗಿ ಬಂದ ಅವರು ಮುಂದೆ ದೆಹಲಿಯಲ್ಲಿ ಕುಂಬಾರಿಕೆಯ ಶಾಲೆಯನ್ನೇ ಬೆಳೆಸಿದರು. ನಮಗೆ ಹತ್ತಿರದ್ದೆಂದರೆ ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿ. 1971ರಲ್ಲಿ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಅದನ್ನು ಕಟ್ಟಿದರು. ಅಲ್ಲಿಂದ ಕಲಿತು ಹೋದವರು ದೇಶದ ಉದ್ದಗಲಕ್ಕೂ ಚಕ್ರ ಹಾಕಿ ಕೂತಿದ್ದಾರೆ. ಹೆಸರಿಲ್ಲದ ಕುಶಲಕರ್ಮಿಯನ್ನು ಹೊಗಳಿದವರೆಲ್ಲ ದೊಡ್ಡ ಹೆಸರು ಮಾಡಿದರು ಎಂಬುದು ಈ ಕಥೆಯ ತಮಾಷೆ.

ನಮ್ಮವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ ಬೇರೆ ದಾರಿ ಹಿಡಿದರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು, ಚೆಲುವಿನ ಮಾತಿಗಿಂತ ಕಚ್ಚಾಮಾಲು, ತರಬೇತಿ, ಮಾರುಕಟ್ಟೆಯ ಬೆನ್ನು ಹತ್ತಿದರು. ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿದೆ. ಅಲ್ಲಿಯ ಕೆಂಪು ಮಣ್ಣು ಮೊದಲಿನಿಂದಲೂ ಮಡಕೆಗೂ ಹೆಂಚಿಗೂ ಹೆಸರಾದದ್ದು. ಅದೇ ಆಯೋಗ 2018ರಲ್ಲಿ ಕುಂಬಾರರಿಗೆ ಕರೆಂಟಿನ ಚಕ್ರ ಹಂಚುವ ಯೋಜನೆ ತಂದಿತು. ಕುಂಬಾರಿಕೆಯಾಚೆಯೂ ಇದೇ ದಾರಿ ಹಿಡಿದವರಿದ್ದಾರೆ: ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗ ನಿರ್ದೇಶಕ ಪ್ರಸನ್ನ ಕಟ್ಟಿ ಬೆಳೆಸಿದ ‘ಚರಕ’ ಹೆಣ್ಣುಮಕ್ಕಳ ಸಹಕಾರ ಸಂಘ. ಅಲ್ಲಿ ನೇಯುವ, ಬಣ್ಣ ಹಾಕುವ, ಹೊಲಿಯುವ ಕೈಗಳೇ ಸಂಘದ ಸದಸ್ಯರು. ಕೈಯುತ್ಪನ್ನಗಳಿಗೆ ಜಿಎಸ್‌ಟಿ ಹಾಕಬಾರದೆಂದು 2017ರಲ್ಲಿ ಪ್ರಸನ್ನ ಉಪವಾಸ ಕೂತಾಗ ಕೈಕಸುಬು ಎಂಬುದು ಮನಸ್ಸಿನ ನೆಮ್ಮದಿಯ ವಿಷಯ ಮಾತ್ರವಲ್ಲ, ಬಿಲ್ಲಿನ ವಿಷಯವೂ ಹೌದೆಂದು ನಮ್ಮಂಥವರಿಗೆ ತಿಳಿಯಿತು.

ಹವ್ಯಾಸ, ಕಸುಬು ಎಂಬ ಈ ಎರಡು ಲೋಕ ಮುಖಾಮುಖಿಯಾದದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ದೀಪಾವಳಿಗೆ ಮುಂಚೆ ಮೇಷ್ಟ್ರು ನಮ್ಮೆಲ್ಲರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ನಗರದಿಂದ ಎರಡು ಗಂಟೆ ದೂರದ ಊರಿಗೆ ಕರೆದೊಯ್ದರು. ಕುಂಬಾರಿಕೆ ಉಳಿದಿದ್ದು ಮೂರೇ ಮನೆಯಲ್ಲಿ. ಹಿರಿಯ ಕುಂಬಾರರು ಕಲ್ಲಿನ ಚಕ್ರವನ್ನು ಕೋಲಿನಿಂದ ಸುತ್ತಿಸಿಬಿಟ್ಟು, ಗುಡ್ಡದಂಥ ಒಂದೇ ಮುದ್ದೆಯ ತುದಿಯಿಂದ ಹಣತೆಯ ಮೇಲೆ ಹಣತೆ ತೆಗೆಯತೊಡಗಿದರು. ಬೆರಳು ಅದ್ದಿ, ಅಂಚು ಚಿವುಟಿ, ದಾರದಲ್ಲಿ ಕೊಯ್ದು ಪಕ್ಕಕ್ಕಿಡುವಷ್ಟರಲ್ಲಿ ಮುಂದಿನದು ಹುಟ್ಟಿರುತ್ತಿತ್ತು. ಐದು ವಾರ ಒದ್ದಾಡಿ ಮಣ್ಣನ್ನು ನಡುವಿಗೆ ತಂದವನು ನಾನು. ಸುಮ್ಮನೆ ಕುಕ್ಕರಗಾಲಲ್ಲಿ ಕೂತೆ.

‘ನೀವು ಮಣ್ಣು ಎಲ್ಲಿಂದ ತತ್ತೀರಾ ಸಾಮಿ?’ ಅಂತ ಕೇಳಿದರು.

‘ಅಂಗಡಿಯಿಂದ. ಚೀಲದಲ್ಲಿ ಬರುತ್ತೆ.’

ಅವರಿಗೆ ನಗು ತಡೆಯಲಾಗಲಿಲ್ಲ. ‘ಚೀಲ್ದಾಗಾ! ನಮ್ಗೆ ಕೆರೆಯಿಂದ ಬತ್ತಿತ್ತು. ಈಗ ಕೆರೆಗೆ ಕೈ ಹಾಕಿದ್ರೆ ಯಾರ್ನ ಕೇಳಿ ಹಾಕ್ದೆ ಅಂತಾರೆ. ನಾವೂ ಚೀಲ್ದಾಗೆ ತರೋ ಕಾಲ ಬತ್ತದೆ ಬುಡಿ.’

ಅಂಗಳದ ಇನ್ನೊಂದು ಬದಿಯಲ್ಲಿ ಅವರ ಸೊಸೆ ಗಡಿಗೆ ತಟ್ಟುತ್ತಿದ್ದರು. ನಮ್ಮ ತರಗತಿಯಲ್ಲಿ ಇಲ್ಲದ ಕೆಲಸ ಇದು. ತಿಗರಿಯಿಂದ ಇಳಿಸಿದ ಗಡಿಗೆಗೆ ತಳವೇ ಇರುವುದಿಲ್ಲ, ಗೋಡೆಯೂ ದಪ್ಪ. ಅರ್ಧ ಆರಿದ ಮೇಲೆ ಎಡಗೈಯಲ್ಲಿ ಕಲ್ಲಿನ ಗುಂಡನ್ನು ಒಳಗೆ ಹಿಡಿದು, ಬಲಗೈಯಲ್ಲಿ ಮರದ ಹಲಗೆಯಿಂದ ಹೊರಗಿನಿಂದ ತಟ್ಟುತ್ತಾ ಹೋದರೆ ಗೋಡೆ ತೆಳ್ಳಗಾಗಿ, ಹೊಟ್ಟೆ ಉಬ್ಬಿ, ತಳ ತಾನಾಗಿ ಕೂಡಿಕೊಳ್ಳುತ್ತದೆ. ಟಪ್ ಟಪ್ ಸದ್ದಿನಲ್ಲೇ ದಪ್ಪ ಎಷ್ಟು ಉಳಿದಿದೆ ಎಂದು ಕೈಗೆ ತಿಳಿಯುತ್ತದಂತೆ. ಬ್ಯಾಂಕಿನವರು ಪಕ್ಕದಲ್ಲೇ ಕೂತರು. ‘ಗುಂಡು ಅಲ್ಲಾಡಿಸ್‌ಬ್ಯಾಡಿ ಅಕ್ಕಾ, ಹಲಗೆ ಎಲ್ಲಿ ಬೀಳ್ತದೋ ಅಲ್ಲೇ ಇರ್ಲಿ’ ಎಂದು ಆಕೆ ಇವರ ಕೈ ಹಿಡಿದು ಕೂರಿಸಿದರು. ನನಗೆ ಹಿಂದೆ ಇವರೇ ಹೇಳಿದ್ದ ಮಾತು ಇನ್ನೊಂದು ರೂಪದಲ್ಲಿ ಇವರಿಗೇ ಬಂತು.

‘ಚಕ್ರದ ಮೇಲೂ ಕೂರ್ತೀರಾ?’ ಅಂತ ಬ್ಯಾಂಕಿನವರು ಕೇಳಿದರು.

‘ಅಯ್ಯೋ, ನಮ್ಮಲ್ಲಿ ಹೆಂಗಸ್ರು ಚಕ್ರ ಮುಟ್ಟಂಗಿಲ್ಲ.’ ಮಾವ ಅತ್ತ ತಿರುಗಿದ ಮೇಲೆ ದನಿ ತಗ್ಗಿಸಿ ಸೇರಿಸಿದರು: ‘ಯಾರೂ ಇಲ್ದಾಗ ಒಂದ್ಸಲ ತಿರುಗ್ಸಿ ನೋಡಿವ್ನಿ.’

ನಮ್ಮ ತರಗತಿಯ ಎಂಟರಲ್ಲಿ ಆರು ಜನ ಹೆಂಗಸರು. ಕುಂಬಾರರ ಮನೆಯಲ್ಲಿ ಹುಟ್ಟಿದವಳಿಗೆ ಸಿಗದ ಚಕ್ರ, ತಿಂಗಳ ಫೀಸು ಕಟ್ಟಿದವಳಿಗೆ ಸಿಕ್ಕಿದೆ. ಎಲ್ಲ ಕಡೆಯೂ ಈ ಕಟ್ಟುಪಾಡು ಇಲ್ಲ, ಸಡಿಲವಾಗುತ್ತಲೂ ಇದೆ. ಆದರೂ ವ್ಯಾನಿನಲ್ಲಿ ಹಿಂದಿರುಗುವಾಗ ಯಾರೂ ಹೆಚ್ಚು ಮಾತನಾಡಲಿಲ್ಲ. ಮುಂದಿನ ತಿಂಗಳು ಆ ಸೊಸೆ ನಮ್ಮ ಶೆಡ್ಡಿಗೆ ಬಂದರು, ಗಡಿಗೆ ತಟ್ಟುವುದನ್ನು ಕಲಿಸುವ ಮೇಷ್ಟ್ರಾಗಿ. ಎರಡು ದಿನದ ಪಾಠಕ್ಕೆ ಸಂಭಾವನೆಯನ್ನು ಅವರೇ ಹೇಳಿದರು, ಕೊಟ್ಟೆವು. ಊಟದ ಬಿಡುವಿನಲ್ಲಿ, ಯಾರೂ ಹೇಳದೆ, ಕಾಲೇಜು ಹುಡುಗಿಯ ಚಕ್ರದ ಮುಂದೆ ಹೋಗಿ ಕೂತರು. ಅವರ ಮಣ್ಣು ಹಾರಲಿಲ್ಲ. ಮೂರನೆಯ ಸಲಕ್ಕೇ ನಡುವಿಗೆ ಬಂತು.

ಈಗ ನಮ್ಮ ಬಳಗದ ಹಣತೆ, ಮಣ್ಣಿನ ಗಣಪ, ನೀರಿನ ಹರವಿ ಬರುವುದು ಆ ಮೂರು ಮನೆಯಿಂದ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನಿಗೆ ನಿಷೇಧ ಬಂದ ಮೇಲೆ ಮಣ್ಣಿನ ಗಣಪನಿಗೆ ಕೇಳುವವರು ಇದ್ದಾರೆ, ಆದರೆ ಅದು ವರ್ಷಕ್ಕೊಂದು ಹಬ್ಬ. ಉಳಿದ ದಿನಗಳಿಗೆ ಹರವಿಯೇ ಗತಿ. ಅದಕ್ಕೇ ಕೊನೆಗೊಂದು ಕೆಲಸದ ಮಾತು.

ಬೇಸಿಗೆಗೆ ಮುಂಚೆ ಸಂತೆಗೆ ಹೋಗಿ ಒಂದು ಹರವಿ ಕೊಳ್ಳಿ. ಕೊಳ್ಳುವಾಗ ಒಂದು ಕೈಯಲ್ಲಿ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಮೊಳಗಿದರೆ ಚೆನ್ನಾಗಿ ಬೆಂದಿದೆ, ಒಡಕು ದನಿ ಬಂದರೆ ಎಲ್ಲೋ ಕೂದಲೆಳೆಯ ಸೀಳಿದೆ. ಚೌಕಾಸಿ ಮಾಡಬೇಡಿ, ಪಕ್ಕದ ಅಂಗಡಿಯ ನೀರಿನ ಬಾಟಲಿಗೆ ನೀವು ಮಾಡುವುದಿಲ್ಲವಲ್ಲ. ಮನೆಗೆ ತಂದು ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ. ಗಾಳಿಯಾಡುವ ಕಿಟಕಿಯ ಬಳಿ ಮರಳಿನ ಮೇಲೆ ಕೂರಿಸಿ. ಮೈಯಿಂದ ಜಿನುಗಿದ ನೀರು ಆವಿಯಾದರೇ ಒಳಗಿನದು ತಣ್ಣಗಾಗುವುದು, ಮೂಲೆಗೆ ತಳ್ಳಿದರೆ ಆಗದು. ಸೋಪು ಹಾಕಬೇಡಿ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಮೊದಲ ಎರಡು ಮೂರು ದಿನ ಕೆಳಗೆ ನೀರು ನಿಲ್ಲುವಷ್ಟು ಜಿನುಗಬಹುದು. ಸೋರುತ್ತಿದೆ ಎಂದು ಎಸೆಯಬೇಡಿ.